ಭಾವನ ಲೇತಿಗೆ, ಹನ್ನೊಂದು ಸೊಟ್ಟ ಬುಷ್‌ಗಳ ವಿಷಯವಾಗಿ

ಹಿತ್ತಲ ಶೆಡ್ಡಿನ ಬಲಮೂಲೆಯಲ್ಲಿ ನಾಲ್ಕು ಕಾಲೂರಿ ವಿರಾಜಮಾನರಾಗಿರುವ, ದಿವಂಗತ ಭಾವನವರ ಲೇತ್ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ಆದರದ ವಂದನೆಗಳು. ತಾವು ಹೊತ್ತುಹೊತ್ತಿಗೆ ಎಣ್ಣೆ ಕುಡಿದು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಎಡಗೈ ಹೆಬ್ಬೆರಳೊಂದನ್ನು ಬಿಟ್ಟರೆ ನಾನೂ ಕ್ಷೇಮ. ಖುದ್ದಾಗಿ ನಿವೇದಿಸಿಕೊಳ್ಳಲು ಬಂದಾಗಲೆಲ್ಲ ತಮ್ಮ ಗಡಗಡ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸದ ಕಾರಣ ಈ ಬಹಿರಂಗ ಪತ್ರದ ಮೊರೆ ಹೋಗಿದ್ದೇನೆ. ಇದರ ಒಂದು ಪ್ರತಿಯನ್ನು ತಮ್ಮ ಎದುರಿನ ಗೋಡೆಗೆ ಅಂಟಿಸಲಾಗುವುದು.

ನಾನು ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತನಾದವನು. ಲೋಹದ ವಸ್ತುಗಳ ಪೈಕಿ ನಾನು ಧೈರ್ಯವಾಗಿ ಬಳಸಿದ್ದು ಪೆನ್ನಿನ ನಿಬ್ಬನ್ನು ಮಾತ್ರ. ಲೋಹ ಕಡೆಯುವ ಟರ್ನರ್ ಆಗಿದ್ದ ಭಾವ ತೀರಿಕೊಂಡು ಮೂರು ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿ, "ಅದನ್ನ ತಗೊಂಡು ಹೋಗೋ. ಕಣ್ಣೆದುರಿಗಿದ್ರೆ ನಂಗೆ ಕೈಕಾಲೇ ಆಡಲ್ಲ. ನೀನು ಒಲ್ಲೆ ಅಂದ್ರೆ ಗುಜರಿಯವನಿಗೆ ಹೇಳ್ತೀನಿ" ಎಂದಳು. ತಾವು ಗುಜರಿ ತಕ್ಕಡಿಯ ಮೇಲೆ ಕೂರುವ ದೃಶ್ಯವನ್ನು ಊಹಿಸಿಕೊಳ್ಳಲಾರದೆ ಒಪ್ಪಿಕೊಂಡೆ. ತಮ್ಮನ್ನು ತಂದಿಳಿಸಿದ ದಿನ ನನ್ನ ಹೆಂಡತಿ ತಮ್ಮ ಸುತ್ತ ಒಂದು ಸುತ್ತು ಬಂದು, "ಇದು ಏನು ಮಾಡುತ್ತೆ?" ಎಂದು ಕೇಳಿದಳು. "ಏನು ಬೇಕಾದ್ರೂ ಮಾಡುತ್ತೆ" ಎಂದೆ. ಆ ವಾಕ್ಯದಲ್ಲಿದ್ದ ತಪ್ಪನ್ನು ತಾವು ಐದು ತಿಂಗಳು ತಿದ್ದಿದಿರಿ.

ಭಾವ ಹಾಸಿಗೆ ಹಿಡಿದಿದ್ದ ಒಂದೂವರೆ ವರ್ಷ ತಮ್ಮನ್ನು ಯಾರೂ ಮುಟ್ಟಿರಲಿಲ್ಲವಾದ್ದರಿಂದ ತಾವು ಅಡಿಯಿಂದ ಮುಡಿಯವರೆಗೆ ತುಕ್ಕು ಹೊದ್ದು ಬಂದಿರಿ. ನಾಲ್ಕು ತಿಂಗಳು ಸೀಮೆಎಣ್ಣೆ, ತಂತಿ ಬ್ರಷ್ಷು ಮತ್ತು ನನ್ನ ಆರು ಬನಿಯನ್ನುಗಳ ನೆರವಿನಿಂದ ತಮ್ಮ ಸೇವೆ ಮಾಡಿದೆ. ತಮ್ಮ ಗೇರುಗಳನ್ನು ಹಿಟ್ಟು ಕಲಸುವ ಪಾತ್ರೆಯಲ್ಲಿ ನೆನೆಹಾಕಿದ್ದು ಪತ್ತೆಯಾದ ದಿನದಿಂದ ನನ್ನ ಊಟದ ತಟ್ಟೆಯೂ ಶೆಡ್ಡಿಗೇ ಬರತೊಡಗಿತು. ತಮ್ಮ ಹಿಂಗಾಲಿನಡಿ ಅಂಟಿಕೊಂಡಿದ್ದ ತಗಡಿನ ತುಂಡೊಂದನ್ನೂ ಬಿಡದೆ ಕಿತ್ತು ಕಸಕ್ಕೆ ಹಾಕಿದೆನೆಂದರೆ ನನ್ನ ಶುಚಿತ್ವದ ಮಟ್ಟ ತಮಗೆ ತಿಳಿದೀತು.

ಅಷ್ಟರಲ್ಲಿ ಅಕ್ಕನ ಹಿಟ್ಟಿನ ಗಿರಣಿ ನಿಂತುಹೋಯಿತು. ಅದರ ತಿರುಗುವ ದಂಡವನ್ನು ಹಿಡಿದಿಡುವ ಬುಷ್, ಅಂದರೆ ದಪ್ಪ ಬಳೆಯಂಥ ಒಂದು ಕಂಚಿನ ಕೊಳವೆ, ಸವೆದುಹೋಗಿತ್ತು. ಬಿಡಿಭಾಗದ ಅಂಗಡಿಯವನು ಆ ಹಳೆಯ ಗಿರಣಿಯ ಕಂಪನಿಯ ಹೆಸರು ಕೇಳಿ ನಕ್ಕನಂತೆ. ಅಲ್ಲಿಯವರೆಗಿನ ಬುಷ್‌ಗಳೆಲ್ಲ ತಮ್ಮಲ್ಲೇ ಹುಟ್ಟಿದವು. "ಮುಚ್ಚಿಬಿಡ್ತೀನಿ ಕಣೋ, ಸಾಕಾಯ್ತು" ಎಂದಳು ಅಕ್ಕ. ಭಾವ ಹೋದ ಮೇಲೆ ಅವಳು ನಾಲ್ಕು ಜನರ ಮುಖ ನೋಡುತ್ತಿದ್ದುದೇ ಆ ಗಿರಣಿಯಲ್ಲಿ. ಅದೂ ಮುಚ್ಚಿದರೆ ಅವಳು ಮನೆಯ ಬಾಗಿಲನ್ನೂ ಮುಚ್ಚಿಕೊಳ್ಳುತ್ತಾಳೆಂಬ ಭಯಕ್ಕೆ, "ನಾನು ಮಾಡಿಕೊಡ್ತೀನಿ, ಒಂದು ವಾರ ತಡಿ" ಎಂದುಬಿಟ್ಟೆ.

ಮುಂದಿನ ಮೂರು ವಾರ ತಾವು ತೋರಿದ ಔದಾರ್ಯವನ್ನು ಹೇಗೆ ಬಣ್ಣಿಸಲಿ? ಹಿಡಿ ತಿರುಗಿಸಿದರೆ, ಕಡತ ಕಂಡ ಹಿರಿಯ ಅಧಿಕಾರಿಯಂತೆ, ಕಾಲು ಸುತ್ತು ಯೋಚಿಸಿದ ಮೇಲೆಯೇ ತಾವು ಚಲಿಸುತ್ತಿದ್ದಿರಿ. ತುಂಡನ್ನು ಕಚ್ಚಿ ಹಿಡಿದು ತಿರುಗಿಸುವ ತಮ್ಮ ಚಕ್ಕಿನಲ್ಲಿ ನಾನು ಮರೆತ ಕೀಲಿಯನ್ನು ತಾವು ಹಿಂದಿರುಗಿಸಿದ ವೇಗಕ್ಕೆ ಗೋಡೆಯ ಗಾರೆ ಸಾಕ್ಷಿ. ಹನ್ನೊಂದು ಬುಷ್ ಕಡೆದೆ. ಹನ್ನೊಂದೂ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು. ತಪ್ಪುಗಳಲ್ಲಿ ಇಂಥ ಏಕರೂಪತೆಯನ್ನು ನನ್ನ ವೃತ್ತಿಜೀವನದಲ್ಲಿ ಯಾವ ಲೇಖಕನೂ ಸಾಧಿಸಿರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಅಕ್ಕ ತಾನೇ ಬಂದಳು. ಬುಷ್ ಬೇಡ, ಗಿರಣಿ ಮಾರುವ ಮಾತಾಯಿತು ಎಂದು ಹೇಳಲು ಬಂದವಳು. ಸಾಲಾಗಿ ಜೋಡಿಸಿಟ್ಟ ಹನ್ನೊಂದನ್ನೂ ಒಂದೊಂದಾಗಿ ಎತ್ತಿ ನೋಡಿದಳು. ಆಮೇಲೆ ನನ್ನ ಮುಖ ನೋಡದೆ ತಮ್ಮ ಹಿಂಗಾಲನ್ನು ನೋಡಿ, "ಇಲ್ಲೊಂದು ತಗಡಿತ್ತಲ್ಲ, ಎಲ್ಲೋ?" ಎಂದಳು.

"ಕಸ ಅಂತ..."

"ಕಸ ಅಲ್ವೋ ಮಾರಾಯ. ಅದು ಇಲ್ದಿದ್ರೆ ಇದರ ಮೈಯೇ ತಿರುಚಿಕೊಳ್ಳುತ್ತೆ. ಸೊಟ್ಟ ನಿಂತರೆ ಸೊಟ್ಟಾನೇ ಕಡೆಯುತ್ತೆ."

ಅವಳು ಬಿಸ್ಕತ್ ಡಬ್ಬದ ಮುಚ್ಚಳ ಕತ್ತರಿಸಿ ಕಾಲಿನಡಿ ತುರುಕಿದಳು, ಒಂದು ತುಂಡು ಕಡೆದು ಅಳೆದಳು, ಇನ್ನೊಂದು ಪದರ ತುರುಕಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಂಚನ್ನು ಚಕ್ಕಿಗೆ ಕಚ್ಚಿಸಿ ತಮ್ಮನ್ನು ಓಡಿಸಿದಳು. ತಾವು ಗಡಗಡ ಎನ್ನಲಿಲ್ಲ. ಗುಂಯ್ ಎಂದಿರಿ! ಕಂಚಿನ ಸಿಪ್ಪೆ ಸಣ್ಣ ಮಳೆಯಂತೆ ಉದುರಿತು. ಅರ್ಧಕ್ಕೆ ಅವಳು ತಮ್ಮನ್ನು ನಿಲ್ಲಿಸಿ, ಹಿಡಿಯ ಮೇಲೆ ಬಿದ್ದ ಸಿಪ್ಪೆಯನ್ನು ಬೆರಳಿನಿಂದ ಒರೆಸಿದಳು.

"ಹಾಸಿಗೆ ಹಿಡಿಯೋ ಹೊತ್ತಿಗೆ ಅವರ ಕೈ ನಡುಗೋಕೆ ಶುರುವಾಗಿ ಆರು ವರ್ಷ ಆಗಿತ್ತು ಕಣೋ" ಎಂದಳು ಆಮೇಲೆ. "ಯಾರಿಗೂ ಹೇಳ್ಬೇಡ ಅಂದಿದ್ರು. ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ಹೇಳ್ತಿದ್ರು, ನಾನು ತಿರುಗಿಸ್ತಿದ್ದೆ."

ಮಾನ್ಯರೇ, ಭಾವನ ಶ್ರದ್ಧಾಂಜಲಿ ಸಭೆಯಲ್ಲಿ ಎದ್ದುನಿಂತು, "ಹಾಸಿಗೆ ಹಿಡಿಯುವವರೆಗೂ ಅವರ ಕೈ ಕೂದಲೆಳೆಯಷ್ಟೂ ತಪ್ಪಲಿಲ್ಲ" ಎಂದು ಭಾಷಣ ಬಿಗಿದವನು ನಾನು. ಅಕ್ಕ ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಕರ್ತೃವಿನ ಹೆಸರೇ ತಪ್ಪಾಗಿ ಅಚ್ಚಾಗಿದ್ದುದು ನನ್ನ ಕಣ್ಣಿಗೆ ಬೀಳಲಿಲ್ಲ. ತಮಗೆ ಮೊದಲಿಂದಲೂ ಗೊತ್ತಿತ್ತು; ಒಂದು ಸೂಚನೆ ಕೊಡಬಹುದಿತ್ತು.

ಹನ್ನೆರಡನೆಯ ಬುಷ್ ಸಂಜೆಯೊಳಗೆ ಗಿರಣಿಗೆ ಕೂತಿತು. ಗಿರಣಿ ಮಾರುವ ಮಾತು ಅಲ್ಲಿಗೇ ನಿಂತಿತು. ಈಗ ಅಕ್ಕ ದಿನವೂ ಗಿರಣಿ ನಿಲ್ಲಿಸಿದ ಮೇಲೆ ಇಲ್ಲಿಗೆ ಬರುತ್ತಾಳೆ. ಬೀದಿಯವರು ಪಂಪಿನ ದಂಡ, ಗೇಟಿನ ತಿರುಗಣಿ ಹಿಡಿದು ಬಂದು, ನನ್ನನ್ನು ದಾಟಿಕೊಂಡು ಹೋಗಿ, "ಅಕ್ಕಾವ್ರೆ, ಇದೊಂದು ನೋಡ್ತೀರಾ?" ಎನ್ನುತ್ತಾರೆ. ನನ್ನ ಪಾಲಿಗೆ ಎಣ್ಣೆಯ ಡಬ್ಬ ಮತ್ತು ಪೊರಕೆ ಉಳಿದಿವೆ. ಆದ್ದರಿಂದ ನನ್ನ ಕೋರಿಕೆಗಳು ಸರಳ: ನನ್ನ ಕೈಗೂ ಒಮ್ಮೆ ಗುಂಯ್ ಎನ್ನುವುದು; ಕೈಕೊಡುವ ಮುನ್ನ ಏಳು ದಿನಗಳ ಲಿಖಿತ ನೋಟಿಸ್ ನೀಡುವುದು; ಮತ್ತು ಆ ಆರು ವರ್ಷಗಳಲ್ಲಿ ಅವರಿಬ್ಬರು ತಮ್ಮೆದುರು ಆಡಿಕೊಂಡ ಮಾತುಗಳ ದೃಢೀಕೃತ ನಕಲನ್ನು, ಸಾಧ್ಯವಾದರೆ, ಅಕ್ಕನಿಗೆ ಕೊಡಿಸುವುದು.

ತಾವು ನನ್ನನ್ನು ಎಂದೂ ನಂಬದಿದ್ದರೂ,
ತಮ್ಮ ವಿಶ್ವಾಸಿ,
ಎಣ್ಣೆ ಹಾಕುವವನು

ತಾ.ಕ.: ತಮ್ಮನ್ನು ಮರಳಿ ತನ್ನ ಮನೆಗೇ ಸಾಗಿಸಿಕೊಳ್ಳುವ ಮಾತನ್ನು ಅಕ್ಕ ನಿನ್ನೆ ಎತ್ತಿದಳು. ನನ್ನದೇನೂ ಆಕ್ಷೇಪಣೆಯಿಲ್ಲ. ಆದರೆ ಇವತ್ತು ಬೆಳಿಗ್ಗೆ ಗಾರೆಯವನನ್ನು ಕರೆಸಿ ಶೆಡ್ಡಿನ ಬಾಗಿಲು ರಿಪೇರಿ ಮಾಡಿಸಿದಾಗ ಅದು ಹೇಗೋ ತಮ್ಮ ಅಗಲಕ್ಕಿಂತ ಒಂದು ಗೇಣು ಕಿರಿದಾಗಿಬಿಟ್ಟಿದೆ. ಕೇಳಿದವರಿಗೆ ಅಳತೆ ತಪ್ಪಿತು ಎಂದು ಹೇಳುತ್ತೇನೆ. ನನ್ನ ಅಳತೆಗಳಿಗೆ ತಾವು ಗಳಿಸಿಕೊಟ್ಟಿರುವ ಕೀರ್ತಿಯಿಂದಾಗಿ ಯಾರೂ ಅನುಮಾನಿಸುವುದಿಲ್ಲ.