ಗೌರಕ್ಕನಿಗೆ ಬದಲಿ ಗಾಳಿ

ನಿಡುಗಲ್ ಬೆಟ್ಟದ ಮೇಲೆ ಬೀಸುವ ಗಾಳಿಯು ಎಂಬತ್ತಾರನೇ ಇಸವಿಯ ಯುಗಾದಿಯಿಂದ ಸರ್ಕಾರದ ಸ್ವತ್ತಾಗಿದೆ. ಅದಕ್ಕೂ ಮೊದಲು ಅದು ಯಾರದೂ ಆಗಿರಲಿಲ್ಲವಾದ್ದರಿಂದ ಪರಿಹಾರ ಕೊಡುವ ಪ್ರಶ್ನೆ ಏಳಲಿಲ್ಲ.

ಬೆಟ್ಟದ ಮೇಲೆ ನಿಲ್ಲಿಸಿದ ಗಾಳಿಯಂತ್ರವೊಂದೇ ಇಡೀ ದೇಶಕ್ಕೆ ಕರೆಂಟು ಕೊಡುವುದೆಂದು ಎಂಜಿನಿಯರ್ ವೃಷಭೇಂದ್ರಪ್ಪನವರು ದೆಹಲಿಗೆ ಮಾತು ಕೊಟ್ಟಿದ್ದರು. ಆಷಾಢದಲ್ಲಿ ರೆಕ್ಕೆಗಳು ಹುಚ್ಚೆದ್ದು ತಿರುಗಿದವು. ಪುಷ್ಯದಲ್ಲಿ ಅವುಗಳ ಮೇಲೆ ಕಾಗೆಗಳು ಬಂದು ಕೂತವು.

"ಗಾಳಿ ಎಲ್ಲಿ ಸೋರುತ್ತಿದೆ?" ಎಂದು ಎಂಜಿನಿಯರ್ ಸಾಹೇಬರು ಕೇಳಿದರು. ಬೆಟ್ಟದ ಬುಡದ ಅವರ ಕಚೇರಿಯಲ್ಲಿ ನಾನು ಗುಮಾಸ್ತ. ಮೇಲಿನವರು ಕೇಳಿದ ಮೇಲೆ ಏನಾದರೂ ಹೇಳಲೇಬೇಕಲ್ಲ. ಕಿಟಕಿಯಾಚೆ ಕಂಡದ್ದನ್ನು ಹೇಳಿದೆ. "ಗೌರಕ್ಕ ಕಣದಲ್ಲಿ ರಾಗಿ ತೂರುತ್ತಿದ್ದಾಳೆ, ಸಾರ್."

ಸಂಜೆಯೊಳಗೆ ತಮಟೆ ಬಡಿಸಿ ಸಾರಲಾಯಿತು: "ಯಂತ್ರ ನಿಂತಿರುವಾಗ ಗಾಳಿಯ ಕೊರತೆ ಇರುವುದರಿಂದಲೂ, ತಿರುಗುವಾಗ ಗಾಳಿಯು ಕರ್ತವ್ಯದ ಮೇಲಿರುವುದರಿಂದಲೂ, ಸಾರ್ವಜನಿಕರು ರಾಗಿ ತೂರತಕ್ಕದ್ದಲ್ಲ. ಬಯಲಲ್ಲಿ ದೀರ್ಘವಾಗಿ ಉಸಿರೆಳೆದುಕೊಳ್ಳತಕ್ಕದ್ದಲ್ಲ."

ಗೌರಕ್ಕ ಮೊರ ಹಿಡಿದೇ ಕಚೇರಿಗೆ ಬಂದಳು.

"ಸ್ವಾಮಿ, ಮಗಳು ಬಾಣಂತಿ. ಮನೇಲಿ ಹಿಡಿ ಹಿಟ್ಟಿಲ್ಲ. ಹೊಟ್ಟು ಸಮೇತ ಮುದ್ದೆ ಕಟ್ಟಿ ಇಕ್ಲಾ?"

"ಇದು ದೇಶದ ಪ್ರಶ್ನೆ ಕಣಮ್ಮ," ಎಂದರು ಸಾಹೇಬರು.

"ದೇಶ ಮುದ್ದೆ ಉಣ್ಣಾಕಿಲ್ವಾ?"

ಸಾಹೇಬರೂ ಮನುಷ್ಯರೇ. ಗಾಳಿ ಕಳೆದುಕೊಂಡವರಿಗೆ ಬದಲಿ ಗಾಳಿ ಒದಗಿಸಬಹುದೆಂಬ ನಿಯಮವನ್ನು ನಿಂತ ನಿಲುವಿನಲ್ಲೇ ಕಂಡುಹಿಡಿದು, ಒಂದು ಟೇಬಲ್ ಫ್ಯಾನ್ ಮಂಜೂರು ಮಾಡಿದರು. ಕಣದಲ್ಲಿಟ್ಟರೆ ಸರ್ಕಾರಿ ಗಾಳಿ ಬೆರಕೆಯಾಗುತ್ತದೆ. ಆದ್ದರಿಂದ ಕಚೇರಿಯೊಳಗೇ ಬಾಗಿಲು ಹಾಕಿಕೊಂಡು ತೂರಬೇಕು.

ಗೌರಕ್ಕ ರಾಗಿ ಹೊತ್ತು ತಂದು ಗುಂಡಿ ಒತ್ತಿದಳು. ಫ್ಯಾನು ಅಲ್ಲಾಡಲಿಲ್ಲ.

"ಕರೆಂಟೆಲ್ಲಿ?"

"ಹೊರಗೆ ಗಾಳಿ ಬೀಸಬೇಕಲ್ಲಮ್ಮ," ಎಂದೆ.

"ಲೇ, ಹೊರಗೇ ಗಾಳಿ ಬೀಸಿದ್ರೆ ಈ ಫ್ಯಾನ್ ನನಗ್ಯಾಕಲೇ?"

ಈ ಪ್ರಶ್ನೆ ನಮ್ಮ ಕಚೇರಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಎರಡು ದಿನ ಅಕ್ಕಪಕ್ಕದವರಿಂದ ಹಿಟ್ಟು ಕಡ ತಂದು ಬಾಣಂತಿಗೆ ಇಕ್ಕಿದಳು. ಆಮೇಲೆ ಗಾಳಿ ಎದ್ದಿತು. ಯಂತ್ರ ತಿರುಗಿತು, ಫ್ಯಾನೂ ತಿರುಗಿತು. ದೇಶಕ್ಕೆ ಹೋಗಬೇಕಿದ್ದ ಕರೆಂಟಷ್ಟನ್ನೂ ಫ್ಯಾನೊಂದೇ ಕುಡಿಯಿತು. ರಾಗಿ ಕೆಳಗೆ ಬಿತ್ತು, ಹೊಟ್ಟು ಸಾಹೇಬರ ಮೂಗಿಗೆ ಹೋಯಿತು. ಸೀನುತ್ತಲೇ ಅವರು ವರದಿ ಬರೆಸಿದರು: "ಉತ್ಪಾದನೆ ಪೂರ್ತಿ ಆಹಾರ ಭದ್ರತೆಗೆ ಬಳಕೆ." ದೆಹಲಿಯವರು ಹಿಗ್ಗಿ ಮನೆಮನೆಗೂ ಫ್ಯಾನು ಕಳಿಸಿದರು.

ಈಗ ಗಾಳಿ ಬೀಸಿತೆಂದರೆ ಊರೆಲ್ಲ ಒಳಗೋಡಿ ಚಿಲಕ ಹಾಕಿಕೊಳ್ಳುತ್ತದೆ. ಮೊನ್ನೆ ನಾನು ಗೌರಕ್ಕನ ಮನೆ ಮುಂದೆ ಹೋಗುವಾಗ, ಅವಳು ಮಗಳನ್ನು ಗದರುತ್ತಿದ್ದಳು: "ಬಿರ್‍ನೆ ಕದ ಹಾಕೇ, ಗಾಳಿ ಒಳಕ್ಕೆ ಬಂದ್ಬುಡ್ತದೆ! ರಾಗಿ ತೂರಬೇಕು."