ಕ್ಯಾರಿಯರಿನಲ್ಲಿ ಬಂದ ರೋಗಿ

ಸೊಪ್ಪು ಹಿಡಿದು ಓಡಾಡುವವರ ಹಿಂದೆ ಮೇಕೆ ಬರುವುದು ಸಹಜ. ನಮ್ಮ ಹಿಂದೆ ನಗೆಯೂ ಬರುತ್ತಿತ್ತು. ಐವತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕ. ನಾಟಿ ಔಷಧಿಗಳು ನಿಜಕ್ಕೂ ಕ್ರಿಮಿಗಳನ್ನು ಕೊಲ್ಲುತ್ತವೆಯೇ ಎಂದು ನೋಡುವ ಹುಚ್ಚು ನಮ್ಮ ಮೇಷ್ಟ್ರಿಗೆ. "ಈ ವರ್ಷ ಒಂದು ಸೊಪ್ಪಾದ್ರೂ ಗೆಲ್ಲದಿದ್ರೆ ನಿಮ್ಮ ಮೇಜು ಎತ್ತಿಸ್ತೀನಿ" ಎಂದಿದ್ದರು ಪ್ರಿನ್ಸಿಪಾಲರು. ಪ್ರಯೋಗ ನಡೆಸುವ ಆ ಮೇಜೇ ಮೇಷ್ಟ್ರ ಪ್ರಾಣ.

ಅಂಗಡಿ

ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯ ಸಾಹೇಬರ ಹತ್ತಿರ ಹದಿನಾಲ್ಕು ಬಗೆಯ ಬೇರು, ಕಾಯಿ ಕೇಳಿದೆ.

"ಯಾರಿಗೆ ಹುಷಾರಿಲ್ಲ?"

"ಯಾರಿಗೂ ಏನಿಲ್ಲ ಸಾಹೇಬ್ರೇ. ಕ್ರಿಮಿ ಸಾಕಿದೀವಿ, ಅವನ್ನ ಸಾಯಿಸೋಕೆ."

"ಸಾಕೋದೂ ನೀವೇ, ಸಾಯ್ಸೋದೂ ನೀವೇ?"

"ಹೌದು."

ಸಾಹೇಬರು ಪೊಟ್ಟಣ ಕಟ್ಟುತ್ತಾ ತಲೆದೂಗಿದರು. "ನೌಕರಿ ಅಂದ್ರೆ ಹಿಂಗಿರ್ಬೇಕು!"

ಹದಿನಾಲ್ಕರಲ್ಲಿ ಒಂದೂ ಗೆಲ್ಲಲಿಲ್ಲ.

ಸಾರು

ಮೇಷ್ಟ್ರು ಈರುಳ್ಳಿಯನ್ನೂ ಮುಟ್ಟದವರು. ಕ್ರಿಮಿಗಳಿಗೋ ಮಾಂಸದ ಸಾರೇ ಆಗಬೇಕು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ತಾವೇ ಕುದಿಸುತ್ತಿದ್ದರು, ನನಗೂ ಬಿಡುತ್ತಿರಲಿಲ್ಲ. ಅಂಥ ಶ್ರದ್ಧೆ ನಾನು ಮತ್ತೆಲ್ಲೂ ಕಂಡಿಲ್ಲ. ಒಮ್ಮೆ ಊಟ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು.

"ಗಾಬರಿ ಬೇಡ ಮಾರಾಯ್ತಿ, ಇದು ಕ್ರಿಮಿಗೆ" ಎಂದರು ಮೇಷ್ಟ್ರು.

"ನನಗೆ ಒಂದಿನ ಕಾಫಿ ಮಾಡ್ಕೊಟ್ಟಿಲ್ಲ. ಕ್ರಿಮಿಗೆ ಸಾರು!"

ಅಜ್ಜಿ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಬ್ಬ ಅಜ್ಜಿ ಕೀವು ಗಾಯಕ್ಕೆ ಸೊಪ್ಪು ಅರೆದು ಪಟ್ಟು ಹಾಕುತ್ತಿದ್ದರು. ಕಾರ್ಖಾನೆಯವರೆಲ್ಲ ಅವರ ಬಾಗಿಲಿಗೇ ಬರುತ್ತಿದ್ದರು. ಆದರೆ ರೋಗಿಯನ್ನು ನೋಡದೆ ಅವರು ಚಿಟಿಕೆ ಔಷಧಿಯನ್ನೂ ಕೊಡುವವರಲ್ಲ. ಸರಿ, ಕೀವಿನ ಕ್ರಿಮಿ ಬೆಳೆದ ಗಾಜಿನ ತಟ್ಟೆಯನ್ನು ಟಿಫಿನ್ ಕ್ಯಾರಿಯರಿನಲ್ಲಿಟ್ಟುಕೊಂಡು ಬಸ್ ಹತ್ತಿದೆವು.

ಅಜ್ಜಿ ಕನ್ನಡಕ ಹಾಕಿಕೊಂಡು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇವಕ್ಕೆ ಊಟಕ್ಕೆ ಏನು ಹಾಕ್ತೀರಿ?"

"ಮಾಂಸದ ಸಾರು."

"ಕೀವಿಗೆ ಸಾರು ಕುಡಿಸಿದ್ರೆ ಔಷಧಿ ಹತ್ತುತ್ತಾ ಮೇಷ್ಟ್ರೇ? ಮೂರು ದಿನ ಪಥ್ಯ. ಬರೀ ಗಂಜಿ!"

"ಗಂಜಿ ಹಾಕಿದ್ರೆ ಸತ್ತೇ ಹೋಗ್ತವೆ ಅಜ್ಜಿ."

"ಮತ್ತೆ ಸಾಯ್ಲಿ ಅಂತಾನೇ ತಾನೇ ನೀವು ಬಂದಿರೋದು?"

ಮೇಷ್ಟ್ರು ಕೈಮುಗಿದರು. ಅಜ್ಜಿ ಗೊಣಗುತ್ತಲೇ ನೆಲ್ಲಿಕಾಯಿ ಗಾತ್ರದ ಹಸಿರು ಉಂಡೆ ಕೊಟ್ಟರು. ಲ್ಯಾಬಿಗೆ ಬಂದು ಅದನ್ನು ಕ್ರಿಮಿ ಹಚ್ಚಿದ ಹೊಸ ತಟ್ಟೆಯ ನಡುವೆ ಇಟ್ಟೆವು. ಮರುದಿನ ನೋಡಿದರೆ ಉಂಡೆಯ ಸುತ್ತ ಬೆರಳಗಲ ಜಾಗದಲ್ಲಿ ಒಂದು ಕ್ರಿಮಿಯೂ ಇಲ್ಲ! ಮೇಷ್ಟ್ರ ಕಣ್ಣಲ್ಲಿ ನೀರು. ಪ್ರಿನ್ಸಿಪಾಲರು ಬಂದು ನೋಡಿದರು, ಮೇಜು ಉಳಿಯಿತು.

ಅದೇ ಸಂಜೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಜೊತೆಗೆ ಆ ತಟ್ಟೆಯನ್ನೂ ಹಿಡಿದು ಅಜ್ಜಿಯ ಮನೆಗೆ ಓಡಿದೆವು. ಮೇಷ್ಟ್ರು ಅವರ ಕಾಲಿಗೇ ಬಿದ್ದರು. ಅಜ್ಜಿ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ವೀಳ್ಯವನ್ನು ಹಿಂದಕ್ಕೆ ತಳ್ಳಿದರು.

"ಪೂರ್ತಿ ಗುಣ ಆಗದೆ ನಾನು ವೀಳ್ಯ ಮುಟ್ಟಲ್ಲ. ಅಂಚಲ್ಲಿ ಇನ್ನೂ ಇದಾವೆ ನೋಡಿ. ನಾಳೆ ಮತ್ತೆ ಕರ್ಕೊಂಡು ಬನ್ನಿ, ಇನ್ನೊಂದು ಪಟ್ಟು ಹಾಕ್ತೀನಿ!"