ಡಿಸೆಂಬರಿನ ಹಕ್ಕಿಗಳು

ಹೋದವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಹಾಗೆ ಹೇಳುವವರಿಗೆ ಯಾರೂ ಗರಾಜಿನಲ್ಲಿ ಬಾಯಿ ಬಿಚ್ಚಿದ ಸಕ್ಕರೆ ಚೀಲ ಬಿಟ್ಟು ಹೋಗಿರಲಿಕ್ಕಿಲ್ಲ. ನನಗೆ ಬಿಟ್ಟು ಹೋಗಿದ್ದಾರೆ. ಅದಕ್ಕೇ ಹೋದ ತಿಂಗಳಿಂದ ನಾನು ಸಿಟ್ಟಿನಲ್ಲಿದ್ದೇನೆ.

ನಮ್ಮ ಮನೆಯವರು ಧಾರವಾಡದವರು. ಹೊಸ ಶತಮಾನ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂದು ಜಗತ್ತು ಹೆದರಿದ್ದ ಕಾಲದಲ್ಲಿ ಅವನ್ನು ಸರಿಪಡಿಸಲು ಅಮೆರಿಕದ ಪ್ಲೇನೋಗೆ ಬಂದರು. ಕಂಪ್ಯೂಟರುಗಳು ಕೆಡಲಿಲ್ಲ, ಇವರ ರಕ್ತದ ಸಕ್ಕರೆ ಕೆಟ್ಟಿತು. ಅಂದಿನಿಂದ ಎಂಟು ವರ್ಷ ನಾನು ಕಾವಲು ಕಾದೆ. ಯಾರ ಮನೆಗೆ ಊಟಕ್ಕೆ ಹೋದರೂ ಇವರ ತಟ್ಟೆಯ ಜಾಮೂನು ನಾನೇ ತಿಂದೆ. ಅದರ ಫಲ ನನ್ನ ಸೀರೆಗಳಿಗೆ ಗೊತ್ತು. ನಮ್ಮ ಮನೆಯಲ್ಲಿ ಸಕ್ಕರೆ ತಿನ್ನುವ ಪರವಾನಗಿ ಇದ್ದದ್ದು ಹಿತ್ತಲಿಗೆ ಬರುವ ಹಮ್ಮಿಂಗ್‌ಬರ್ಡುಗಳಿಗೆ ಮಾತ್ರ. ಹೆಬ್ಬೆರಳಷ್ಟು ಹಕ್ಕಿ. ಗಾಳಿಯಲ್ಲಿ ನಿಂತಲ್ಲೇ ನಿಂತು, ತೂಗುಹಾಕಿದ ಕೆಂಪು ಬಾಟಲಿಯೊಳಗೆ ಸೂಜಿಯಂಥ ಕೊಕ್ಕು ತೂರಿಸಿ ಸಕ್ಕರೆ ನೀರು ಕುಡಿಯುತ್ತದೆ. ಇನ್ನೊಂದು ಹತ್ತಿರ ಬಂದರೆ ಬೇಲಿಯ ತನಕ ಅಟ್ಟುತ್ತದೆ. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ಜಗಳ ಎಲ್ಲಿಟ್ಟಿರುತ್ತದೋ. ಇವರು ಗರಾಜಿನಲ್ಲಿ ಕರೆಂಟಿನ ಒಲೆಯಿಟ್ಟುಕೊಂಡು, ತಾವೇ ನೀರು ಕುದಿಸಿ, ಸಕ್ಕರೆ ಕರಗಿಸಿ, ಆರಿಸಿ, ಬಾಟಲಿ ತುಂಬುತ್ತಿದ್ದರು. ಉಂಡ ತಟ್ಟೆ ಎತ್ತಿಡದ ಮನುಷ್ಯ. ನನಗೆ ಆಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ. ಸಿಕ್ಕವರ ಮುಂದೆಲ್ಲ ಅವರ ಭೂತದಯೆಯನ್ನು ಹೊಗಳಿದೆ.

ಚಳಿಗಾಲದಲ್ಲೂ ತಿಂಗಳಿಗೊಂದು, ಎರಡು ಕಿಲೋದ ಸಕ್ಕರೆ ಚೀಲ ಬರುತ್ತಿತ್ತು.

“ಡಿಸೆಂಬರ್‌ನಾಗೂ ಹಕ್ಕಿ ಬರ್ತಾವೇನ್ರಿ?” ಎಂದು ಒಮ್ಮೆ ಕೇಳಿದ್ದೆ.

“ಒಂದೆರಡು ಹಾದಿ ತಪ್ಪಿ ಬರ್ತಾವ. ಉಪವಾಸ ಕಳಸೂಣೇನು?”

ಪಾಪ ಎನಿಸಿ, ಮುಂದಿನ ಚೀಲ ನಾನೇ ತಂದುಕೊಟ್ಟೆ.

ಫೆಬ್ರವರಿಯಲ್ಲಿ ಅವರ ಹೃದಯ ನಿಂತಿತು. ಹಕ್ಕಿಗಳಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಎಂದಿನಂತೆ ಮಾರ್ಚ್ ಕೊನೆಗೆ ಬಂದು ಖಾಲಿ ಬಾಟಲಿಯ ಸುತ್ತ ಹಾರಾಡಿದವು. ನೋಡಲಾಗಲಿಲ್ಲ. ಅಳತೆ ಗೊತ್ತಿಲ್ಲದೆ ಪಕ್ಕದ ಮನೆಯ ಅಜ್ಜಿಯನ್ನು ಬೇಲಿಯ ಮೇಲಿಂದ ಕೇಳಿದೆ. ಒಂದು ಲೋಟ ಸಕ್ಕರೆ, ನಾಲ್ಕು ಲೋಟ ನೀರು, ವಾರಕ್ಕೆ ಅಷ್ಟು ಸಾಕು ಎಂದಳು. ಅಷ್ಟೇ ಆದರೆ ತಿಂಗಳಿಗೆ ಅರ್ಧ ಚೀಲವೂ ಬೇಡವಲ್ಲ, ನಮ್ಮಲ್ಲಿ ಪೂರ್ತಿ ಮುಗಿಯುತ್ತಿತ್ತು, ಚಳಿಗಾಲದಲ್ಲೂ ಮುಗಿಯುತ್ತಿತ್ತು ಎಂದೆ. ಅಜ್ಜಿ ತನ್ನ ಗುಲಾಬಿ ಗಿಡದ ಕಡೆ ತಿರುಗಿಕೊಂಡಳು. ಹಕ್ಕಿಗಳು ಅಕ್ಟೋಬರ್‌ನಲ್ಲೇ ಮೆಕ್ಸಿಕೋ ಕಡೆ ಹೋಗಿಬಿಡುತ್ತವೆ ಎಂದು ಗಿಡಕ್ಕೇ ಹೇಳಿದಳು. ಆಮೇಲೆ, “ನಿನ್ನ ಗಂಡ ಬಹಳ ಒಳ್ಳೆಯವನಾಗಿದ್ದ” ಎಂದಳು.

ಆಸ್ಟಿನ್‌ನಲ್ಲಿ ಓದುವ ಮಗಳಿಗೆ ಫೋನ್ ಮಾಡಿದೆ. “ನಿಮ್ಮಪ್ಪ ಗರಾಜಿನ್ಯಾಗ ಚಹಾ ಮಾಡ್ಕೊಂಡು ಕುಡೀತಿದ್ರೇನು? ಸಕ್ಕರಿ ಹಾಕ್ಕೊಂಡು?”

“ಎವ್ರಿಬಡಿ ನ್ಯೂ, ಅಮ್ಮಾ.”

ಎಲ್ಲರಿಗೂ ಗೊತ್ತಿತ್ತಂತೆ. ನನ್ನ ಕಾವಲೇ ಅವರನ್ನು ಉಳಿಸುತ್ತಿದೆ ಎಂದು ಎಂಟು ವರ್ಷ ನಂಬಿದವಳು ನಾನೊಬ್ಬಳೇ. ಅವರ ಪಾಲಿನ ಜಾಮೂನು ತಿಂದವಳೂ ನಾನೇ. ಬೈಯೋಣವೆಂದರೆ ಮನುಷ್ಯ ಇಲ್ಲ, ಮಗಳನ್ನೇ ಬೈದೆ. ಎಲ್ಲ ಕೇಳಿಸಿಕೊಂಡ ಮೇಲೆ ಅವಳು ಅಪರೂಪಕ್ಕೆ ಕನ್ನಡದಲ್ಲಿ ಮಾತಾಡಿದಳು.

“ಅಪ್ಪ ಕೇಳಿದ್ರ ನೀ ಒಂದು ಚಮಚ ಕೊಡ್ತಿದ್ದ್ಯೇನು?”

“ಇಲ್ಲ” ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಈಗ ಬಂದು ಕೇಳಿದರೂ ಕೊಡುವುದಿಲ್ಲ. ಬಂದು ಕೇಳಲಿ, ಅಷ್ಟೇ.